ಎಪ್ಪತ್ತು ಸಾಲಿನ ಮೀರ್ ಇಮಾದ್

ನಮ್ಮ ಪತ್ರಿಕೆಗೆ ಸ್ಟೆನ್ಸಿಲ್ ಬರೆಯುವವನು ನಾನು. ಕತೆ, ಕವಿತೆ ಬರೆದವರ ಹೆಸರು ಪರಿವಿಡಿಯಲ್ಲಿ ಬರುತ್ತದೆ, ಸಂಪಾದಕರ ಹೆಸರು ಮೊದಲ ಪುಟದಲ್ಲಿ ಬರುತ್ತದೆ, ಚಂದಾ ಎತ್ತಿದವರಿಗೂ ಕೊನೆಯಲ್ಲಿ ಒಂದು ಕೃತಜ್ಞತೆ ಇರುತ್ತದೆ. ಮೇಣದ ಕಾಗದದ ಮೇಲೆ ಕಡ್ಡಿ ಒತ್ತಿ ಒತ್ತಿ ಇಷ್ಟೂ ಪುಟ ಕೊರೆದವನ ಹೆಸರು ಮಾತ್ರ ಎಲ್ಲೂ ಇಲ್ಲ. ಇದನ್ನು ದೂರು ಅಂತ ತಿಳಿಯಬೇಡಿ. ಅಥವಾ ಅರ್ಧ ದೂರು ಅಂತ ತಿಳಿಯಿರಿ. ನಮ್ಮ ಕನ್ನಡದ ಲಿಪಿ ಸ್ಟೆನ್ಸಿಲ್ಲಿಗೆ ಹೇಳಿ ಮಾಡಿಸಿದ್ದಲ್ಲ. ಎಲ್ಲವೂ ದುಂಡು. ಕಡ್ಡಿ ಸ್ವಲ್ಪ ಜೋರಾಗಿ ಒತ್ತಿದರೆ ಮೇಣದ ಪದರ ಹರಿದು ಅಕ್ಷರದ ಹೊಟ್ಟೆಯೇ ಉದುರಿ ಹೋಗುತ್ತದೆ. ಮೆತ್ತಗೆ ಒತ್ತಿದರೆ ಮಸಿ ಇಳಿಯುವುದಿಲ್ಲ. ಎರಡರ ನಡುವೆ ಇರುವ ಆ ಒಂದು ಒತ್ತು ಕೈಗೆ ಹತ್ತಬೇಕಾದರೆ ನನಗೆ ಒಂದು ವರ್ಷ ಹಿಡಿಯಿತು.

ಕಳೆದ ಸಂಚಿಕೆ ಹೊರಬಂದ ದಿನ ಹಿರಿಯ ಮಿತ್ರನೊಬ್ಬ ನನ್ನ ಬೆನ್ನು ತಟ್ಟಿ, ಬರೆಯುವವರು ಬೇರೆ, ನಕಲು ಮಾಡುವವರು ಬೇರೆ ಅನ್ನುವ ಅರ್ಥದ ಮಾತೊಂದನ್ನು ನಗುತ್ತಲೇ ಆಡಿದ. ನಾನೂ ನಕ್ಕೆ. ಆದರೆ ಮಾತು ಒಳಗೆ ಉಳಿಯಿತು.

ಅದೇ ವಾರ ನನ್ನ ರೂಮಿನ ಗೆಳೆಯನ ಅಕ್ಕನ ಮದುವೆಗೆ ಕಾರ್ಡು ಮಾಡಿಸಬೇಕಿತ್ತು. ಅವನು ಬೀದರಿನವನು; ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಇಬ್ಬರೂ ಹೈದರಾಬಾದಿನ ಛತ್ತಾ ಬಜಾರಿಗೆ ಹೋದೆವು. ಕಂಪ್ಯೂಟರ್ ಬಂದ ಮೇಲೆ ಅಲ್ಲಿ ಕೈಯಲ್ಲಿ ಬರೆಯುವ ಕಾತಿಬರು ಕಡಿಮೆಯಾಗಿದ್ದಾರೆ. ಇದ್ದವರಲ್ಲಿ ಒಬ್ಬ ಮುದುಕರು ನಮ್ಮ ಕಾರ್ಡು ಒಪ್ಪಿಕೊಂಡರು. ಮದುಮಗಳ ಹೆಸರಿನ ಒಂದೇ ಒಂದು ಸಾಲಿಗೆ ಅವರು ಅರ್ಧ ಬೆಳಗು ತೆಗೆದುಕೊಂಡರು. ಬರೆಯೋದು, ನೋಡೋದು, ಕಾಗದ ಪಕ್ಕಕ್ಕಿಡೋದು, ಮತ್ತೆ ಬರೆಯೋದು. ಅವರು ಕೂತ ಗೋಡೆಯ ಮೇಲೆ ಒಂದು ಚಿತ್ರ ಅಂಟಿಸಿದ್ದರು. ಚಿತ್ರವಲ್ಲ, ಅಕ್ಷರ. ನಾಲ್ಕು ಸಾಲು, ನಾಲ್ಕೂ ಓರೆಯಾಗಿ, ಮಳೆ ಗಾಳಿಗೆ ಬಾಗಿ ಬಿದ್ದ ಹಾಗೆ. ಯಾರು ಬರೆದದ್ದು ಅಂತ ಕೇಳಿದ್ದಕ್ಕೆ ಚಾಚಾ ಎರಡೂ ಕಿವಿ ಮುಟ್ಟಿಕೊಂಡು ಹೆಸರು ಹೇಳಿದರು. ನಮ್ಮ ಕಡೆ ಸಂಗೀತಗಾರರು ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರಲ್ಲ, ಹಾಗೆ. ಮೀರ್ ಇಮಾದ್. ನಾಲ್ಕು ನೂರು ವರ್ಷದ ಹಿಂದೆ ಇರಾನಿನಲ್ಲಿ ಬದುಕಿ, ಬೀದಿಯಲ್ಲಿ ಇರಿತಕ್ಕೆ ಸಿಕ್ಕಿ ಸತ್ತ ಬರೆವಣಿಗೆಗಾರ. ಇಷ್ಟು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಲೈಬ್ರರಿಗಳಲ್ಲಿ ಹುಡುಕಿ ಓದಿದೆ. ಓದಿದ್ದನ್ನು ನಿಮಗೆ ಹೇಳುತ್ತಿದ್ದೇನೆ.

ಮೊದಲು ಆ ಲಿಪಿಯ ವಿಷಯ ಒಂದೆರಡು ಮಾತು. ನಮ್ಮ ಅಕ್ಷರಗಳು ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ: ಒಬ್ಬರ ಪಕ್ಕ ಒಬ್ಬರು, ಎಲ್ಲರಿಗೂ ಒಂದೊಂದು ಎಲೆ, ಒತ್ತಕ್ಷರಗಳು ಎಲೆಯ ಕೆಳಗೆ ಕೂತ ಮಕ್ಕಳು. ಪರ್ಷಿಯನ್ನಿನ ನಸ್ತಲೀಕ್ ಹಾಗಲ್ಲ. ಬಲದಿಂದ ಎಡಕ್ಕೆ ಹೋಗುವಾಗ ಪದ ಮೇಲಿಂದ ಕೆಳಕ್ಕೆ ಜಾರುತ್ತದೆ. ಒಂದು ಅಕ್ಷರ ಇನ್ನೊಂದರ ಹೆಗಲಿಗೆ ಜೋತು ಬೀಳುತ್ತದೆ. 14ನೆಯ ಶತಮಾನದ ಕೊನೆಯ ಹೊತ್ತಿಗೆ ತಬ್ರೀಜಿನ ಮೀರ್ ಅಲಿ ಇದಕ್ಕೆ ಒಂದು ಕಟ್ಟು ಕೊಟ್ಟ ಅನ್ನುತ್ತಾರೆ. ಕನಸಿನಲ್ಲಿ ಹಾರುವ ಬಾತುಗಳನ್ನು ಕಂಡು ಅವುಗಳ ರೆಕ್ಕೆಯಿಂದ ಅಕ್ಷರ ಕಲಿತ ಅಂತ ಕತೆ. ಕತೆ ಏನೇ ಇರಲಿ, ಹಿಂದೆ ಇರುವುದು ಗಟ್ಟಿ ಲೆಕ್ಕ. ಜೊಂಡಿನ ಲೆಕ್ಕಣಿಕೆಯ ತುದಿಯನ್ನು ಓರೆಯಾಗಿ ಕತ್ತರಿಸಿ ಕಾಗದದ ಮೇಲೆ ಒಮ್ಮೆ ಒತ್ತಿದರೆ ವಜ್ರದಾಕಾರದ ಒಂದು ಚುಕ್ಕೆ ಬೀಳುತ್ತದೆ. ಎಲ್ಲ ಅಕ್ಷರಕ್ಕೂ ಆ ಚುಕ್ಕೆಯೇ ಅಳತೆ. ಅಲಿಫ್ ಮೂರು ಚುಕ್ಕೆ ಎತ್ತರ. ಪೆನ್ನು ದಪ್ಪವಾದರೆ ಚುಕ್ಕೆ ದೊಡ್ಡದು, ಚುಕ್ಕೆ ದೊಡ್ಡದಾದರೆ ಅಕ್ಷರ ದೊಡ್ಡದು. ಆದರೆ ಪ್ರಮಾಣ ಬದಲಾಗಬಾರದು. ಶಿಲ್ಪಿಗಳ ತಾಲಮಾನ ಇದ್ದ ಹಾಗೆ.

ಸಾಮಗ್ರಿಯೂ ಹಾಗೇ ಕಟ್ಟುನಿಟ್ಟು. ಕಾಗದಕ್ಕೆ ಗಂಜಿ ಹಚ್ಚಿ, ಒಣಗಿಸಿ, ಅಕೀಕ್ ಕಲ್ಲಿನಿಂದ ಉಜ್ಜಿ ಉಜ್ಜಿ ಗಾಜಿನಷ್ಟು ನುಣುಪು ಮಾಡಬೇಕು. ದೀಪದ ಕಾಡಿಗೆಗೆ ಗೋಂದು, ಮಾಚಿಕಾಯಿ, ಪಟಿಕ ಸೇರಿಸಿ ಮಸಿ ಅರೆಯಬೇಕು. ದೌತಿಯೊಳಗೆ ರೇಷ್ಮೆಯ ಎಳೆಗಳ ಒಂದು ಉಂಡೆ ಹಾಕಿರುತ್ತಾರೆ, ಪೆನ್ನಿಗೆ ಮಸಿ ಹೆಚ್ಚಾಗಿ ಹತ್ತದಿರಲಿ ಅಂತ. ಇಷ್ಟೆಲ್ಲ ಆದ ಮೇಲೆ ಬರೆಯುವುದು ಏನನ್ನು? ತನ್ನದನ್ನಲ್ಲ. ಯಾರೋ ಹಳೆಯ ಕವಿಯ ಎರಡು ಸಾಲು, ಒಂದು ಪ್ರಾರ್ಥನೆ, ಒಂದು ನೀತಿಮಾತು. ನಕಲೇ.

ಮೀರ್ ಇಮಾದ್ ಹುಟ್ಟಿದ್ದು 1554ರ ಸುಮಾರಿಗೆ, ಕಜ್ವೀನಿನಲ್ಲಿ. ಮೀರ್ ಅಂದರೆ ಪ್ರವಾದಿಯ ವಂಶದವನು, ಸಯ್ಯದ. ಇಮಾದ್ ಅಂದರೆ ಆಧಾರ, ಕಂಬ. ಕಜ್ವೀನಿನ ಸೈಫಿ ಸಯ್ಯದರ ಮನೆತನ ಅವನದು. ಓದು ಬರೆಹ ಅವರಿಗೆ ಹೊಸದಲ್ಲ. ಅವನು ಹುಟ್ಟುವ ಹೊತ್ತಿಗೆ ಸಫವಿ ದೊರೆ ತಹಮಾಸ್ಪ್ ರಾಜಧಾನಿಯನ್ನು ತಬ್ರೀಜಿನಿಂದ ಕಜ್ವೀನಿಗೆ ತಂದಿದ್ದ. ಹಾಗಾಗಿ ಹುಡುಗನ ಕಣ್ಣಿಗೆ ಚಿಕ್ಕಂದಿನಿಂದಲೇ ಒಳ್ಳೆಯ ಅಕ್ಷರ ಬಿದ್ದಿರಬೇಕು. ಈ ಮನೆತನದ ವಿಷಯದಲ್ಲಿ ಇನ್ನೊಂದು ಸಂಗತಿ ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಸಫವಿಗಳು ಶಿಯಾ ದೊರೆಗಳು, ಪಕ್ಕದ ತುರ್ಕಿ ಸುಲ್ತಾನರು ಸುನ್ನಿಗಳು, ಇಬ್ಬರಿಗೂ ಕಾದಾಟ. ಒಳಗೊಳಗೇ ಸುನ್ನಿ ಅನ್ನುವ ಗುಮಾನಿ ಕಜ್ವೀನಿನ ಸೈಫಿಗಳ ಮೇಲೆ ಮೊದಲಿನಿಂದ ಇತ್ತು. ಇತಿಹಾಸಕಾರ ಮೀರ್ ಯಹ್ಯಾ ಇದೇ ಗುಮಾನಿಯಲ್ಲಿ ಸೆರೆ ಸೇರಿ 1555ರಲ್ಲಿ ಅಲ್ಲೇ ತೀರಿಕೊಂಡ. ಅವನ ಮಗ ಮೀರ್ ಅಬ್ದುಲ್ ಲತೀಫ್ ತಪ್ಪಿಸಿಕೊಂಡು ಹಿಂದೂಸ್ತಾನಕ್ಕೆ ಬಂದು ಹುಡುಗ ಅಕ್ಬರನಿಗೆ ಪಾಠ ಹೇಳಿದ.

ಇಮಾದನಿಗೆ ಮೊದಲ ಪಾಠ ಊರಿನಲ್ಲೇ ಆಯಿತು, ಈಸಾ ರಂಗ್‌ಕಾರ್ ಅನ್ನುವವನ ಹತ್ತಿರ. ಆಮೇಲೆ ತಬ್ರೀಜಿಗೆ ಹೋಗಿ ಮುಹಮ್ಮದ್ ಹುಸೇನ್ ತಬ್ರೀಜಿಯ ಶಿಷ್ಯನಾದ. ಅಲ್ಲಿಯ ಒಂದು ಕತೆ ಎಲ್ಲರೂ ಹೇಳುತ್ತಾರೆ. ಶಿಷ್ಯ ಹಗಲು ರಾತ್ರಿ ಒಂದು ಮಾಡಿ ತಿದ್ದಿದ. ಒಂದು ದಿನ ತಾನು ಬರೆದ ಹಾಳೆಯನ್ನು ಗುರುವಿನ ಮುಂದಿಟ್ಟು ಸುಮ್ಮನೆ ನಿಂತ. ಗುರು ಅದನ್ನು ಯಾವುದೋ ಹಳೆಯ ಉಸ್ತಾದನ ಕೈ ಅಂತ ತಿಳಿದು, ಹೀಗೆ ಬರೆಯಲು ಆದರೆ ಬರಿ, ಇಲ್ಲದಿದ್ದರೆ ಲೇಖನಿ ಕೆಳಗಿಡು ಅಂತ ಗದರಿಸಿದ. ಹಾಳೆ ಶಿಷ್ಯನದೇ ಅಂತ ಗೊತ್ತಾದಾಗ, ಇವತ್ತಿನಿಂದ ನೀನೇ ಉಸ್ತಾದ ಅಂತ ಒಪ್ಪಿಕೊಂಡ. ಇಂಥ ಕತೆ ನಮ್ಮ ಗಾಯಕರ ಬಗ್ಗೆಯೂ ಇವೆ, ನಾನು ಎಲ್ಲವನ್ನೂ ನಂಬುವುದಿಲ್ಲ. ಆದರೆ ಆ ಗುರುವಿನ ಹತ್ತಿರ ಅಲೀ ರೆಜಾ ಅನ್ನುವ ಇನ್ನೊಬ್ಬನೂ ಕಲಿತಿದ್ದ ಅನ್ನುವುದು ನಿಜ. ಆ ಹೆಸರು ನೆನಪಿರಲಿ.

ಅವನು ಕಲಿತದ್ದು ಬದುಕಿದ್ದ ಗುರುಗಳಿಂದ ಮಾತ್ರ ಅಲ್ಲ. 1520ರಲ್ಲಿ ತೀರಿಕೊಂಡ ಮಶ್‌ಹದಿನ ಸುಲ್ತಾನ್ ಅಲಿ, ಆಮೇಲಿನ ಹೆರಾತಿನ ಮೀರ್ ಅಲಿ, ಇವರ ಹಾಳೆಗಳನ್ನು ಮುಂದಿಟ್ಟುಕೊಂಡು ವರ್ಷಗಟ್ಟಲೆ ನಕಲು ಮಾಡಿದ. ಈ ಹೆರಾತಿನ ಮೀರ್ ಅಲಿಯ ಹಣೆಬರಹವೂ ವಿಚಿತ್ರ. ಉಜ್ಬೇಕರು ಹೆರಾತ್ ಗೆದ್ದಾಗ ಅವನನ್ನೂ ಲೂಟಿಯ ಮಾಲಿನಂತೆ ಬುಖಾರಾಕ್ಕೆ ಹೊತ್ತೊಯ್ದರು. ಒಳ್ಳೆಯ ಕೈ ಇದ್ದದ್ದೇ ಅವನಿಗೆ ಕಾಲಿನ ಸಂಕೋಲೆಯಾಯಿತು. ಅದೇ ಕೊರಗಿನಲ್ಲಿ ಪದ್ಯ ಕಟ್ಟಿದ. ಚೆನ್ನಾಗಿ ಬರೆಯುವವನ ಕೈ ಅವನದಲ್ಲ, ದೊರೆಯದು ಅನ್ನುವುದು ಆ ಕಾಲದ ಕಾನೂನು. ಮೀರ್ ಇಮಾದ್ ಈ ಕಾನೂನನ್ನು ಪೂರ್ತಿ ಒಪ್ಪಲಿಲ್ಲ ಅಂತ ನನಗೆ ಕಾಣುತ್ತದೆ.

ಅಭ್ಯಾಸದ ಬಗ್ಗೆ ಒಂದು ಚಿಕ್ಕ ಪರ್ಷಿಯನ್ ಪುಸ್ತಕ ಇದೆ, ಆದಾಬುಲ್ ಮಶ್ಕ್. ಬಹಳ ಕಾಲ ಅದನ್ನು ಮೀರ್ ಇಮಾದನದೇ ಅಂತ ನಂಬಿದ್ದರು. ಬರೆದವನು ಅವನಿಗಿಂತ ಹಿರಿಯನಾದ ಇಸ್ಫಹಾನಿನ ಬಾಬಾ ಷಾ. ಅದರಲ್ಲಿ ಮೂರು ಬಗೆಯ ಅಭ್ಯಾಸ ಹೇಳಿದೆ. ಕಣ್ಣಿನ ಅಭ್ಯಾಸ: ಉಸ್ತಾದನ ಹಾಳೆಯನ್ನು ಬರೀ ನೋಡುತ್ತಾ ಕೂರುವುದು, ಪೆನ್ನು ಮುಟ್ಟದೆ. ಲೇಖನಿಯ ಅಭ್ಯಾಸ: ನೋಡಿದ್ದನ್ನು ಹಾಗೇ ತಿದ್ದುವುದು. ಮೂರನೆಯದು ಕಲ್ಪನೆಯ ಅಭ್ಯಾಸ: ಎದುರಿಗೆ ಯಾವ ಹಾಳೆಯೂ ಇಲ್ಲದೆ ತನ್ನೊಳಗಿಂದಲೇ ಬರೆಯುವುದು. ಇದನ್ನು ಓದಿದ ದಿನ ನಾನು ನಮ್ಮ ಹಿರಿಯ ಮಿತ್ರನ ಮಾತನ್ನು ಮತ್ತೆ ನೆನೆದೆ. ನಕಲು ಅನ್ನುವುದು ಅವನು ತಿಳಿದಷ್ಟು ಸಲೀಸಲ್ಲ. ಮೊದಲನೆಯ ಅಭ್ಯಾಸವನ್ನೇ ನಮ್ಮಲ್ಲಿ ಯಾರೂ ಮಾಡುವುದಿಲ್ಲ; ಎದುರಿಗಿರುವುದನ್ನು ನೋಡುವುದೇ ಇಲ್ಲ, ಬರೆಯಲು ಕೂತುಬಿಡುತ್ತೇವೆ.

ತಬ್ರೀಜಿನ ಮೇಲೆ ಅವನು ತುರ್ಕಿ ಸುಲ್ತಾನನ ಸೀಮೆಯಲ್ಲಿ ತಿರುಗಾಡಿದ. ಅಲ್ಲಿ ಮಾಡಿದ್ದಕ್ಕಿಂತ, ಅಲ್ಲಿಗೆ ಹೋಗಿ ಬಂದ ಅನ್ನುವುದೇ ಅವನಿಗೆ ಮುಂದೆ ಮುಳುವಾಯಿತು. ತಿರುಗಿ ಬಂದ ಮೇಲೆ ಫರ್ಹಾದ್ ಖಾನ್ ಕರಮಾನ್ಲು ಅನ್ನುವ ದೊಡ್ಡ ಸರದಾರನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ. ಆ ಕಾಲದ ಸರದಾರನ ಗ್ರಂಥಾಲಯ ಅಂದರೆ ಕಪಾಟಿನ ಸಾಲಲ್ಲ. ಬರೆಯುವವರು, ಚಿತ್ರ ತೆಗೆಯುವವರು, ಚಿನ್ನದ ರೇಖೆ ಎಳೆಯುವವರು, ರಟ್ಟು ಕಟ್ಟುವವರು ಎಲ್ಲ ಸೇರಿದ ಒಂದು ಕಾರಖಾನೆ. ಖಾನನ ಜೊತೆ ಸೆಮ್ನಾನ್, ದಾಮ್‌ಗಾನ್ ಅಂತ ಊರೂರು ತಿರುಗಿದ. 1598ರಲ್ಲಿ ಷಾ ಅಬ್ಬಾಸನಿಗೆ ಖಾನನ ಮೇಲೆ ಅನುಮಾನ ಬಂದು ಅವನ ತಲೆ ತೆಗೆಸಿದ. ಒಡೆಯ ಹೋದ, ಕಾರಖಾನೆಯೂ ಹೋಯಿತು. ಇಮಾದ್ ಮತ್ತೆ ಕಜ್ವೀನಿಗೆ ಬಂದ. ಆದರೆ ಅದೇ ಹೊತ್ತಿನಲ್ಲಿ ರಾಜಧಾನಿ ಇಸ್ಫಹಾನಿಗೆ ಹೊರಟಿತ್ತು. ದರ್ಬಾರಿಲ್ಲದ ಊರಿನಲ್ಲಿ ಅಕ್ಷರಕ್ಕೆ ಗಿರಾಕಿ ಯಾರು? ಷಾಗೆ ಒಂದು ಅರ್ಜಿ ಬರೆದು 1600ರ ಸುಮಾರಿಗೆ ಅವನೂ ಇಸ್ಫಹಾನಿಗೆ ಹೋದ. ಅರ್ಜಿ ಹೇಗಿತ್ತೋ, ಅಕ್ಷರವಂತೂ ಚೆನ್ನಾಗಿಯೇ ಇದ್ದಿರಬೇಕು.

ಇಸ್ಫಹಾನಿನಲ್ಲಿ ಅವನಿಗಿಂತ ಮೊದಲೇ ಒಬ್ಬ ಕೂತಿದ್ದ. ಅದೇ ಅಲೀ ರೆಜಾ. ಗುರು ಒಬ್ಬನೇ, ಒಂದು ಕಾಲದಲ್ಲಿ ಒಡೆಯನೂ ಒಬ್ಬನೇ, ಫರ್ಹಾದ್ ಖಾನ್. ಆದರೆ ಖಾನ್ ಬೀಳುವುದಕ್ಕೆ ಐದು ವರ್ಷ ಮೊದಲೇ, 1593ರಲ್ಲಿ, ಷಾ ಅವನನ್ನು ತನ್ನ ಹತ್ತಿರ ಕರೆಸಿಕೊಂಡಿದ್ದ. 1598ರಿಂದ ಅವನು ಅರಮನೆಯ ಗ್ರಂಥಾಲಯದ ಮುಖ್ಯಸ್ಥ. ಹೆಸರಿಗೆ ಅಬ್ಬಾಸಿ ಅನ್ನುವ ಬಿರುದೂ ಸೇರಿತ್ತು. (ಚಿತ್ರಕಾರ ರೆಜಾ ಅಬ್ಬಾಸಿ ಬೇರೆ, ಇವನು ಬೇರೆ. ಪುಸ್ತಕ ಬರೆಯುವವರೂ ಎಷ್ಟೋ ಸಲ ಎಡವಿದ್ದಾರೆ.) ಇವನು ಬರೆಯುವಾಗ ಷಾ ತಾನೇ ದೀಪ ಹಿಡಿದು ನಿಲ್ಲುತ್ತಿದ್ದ ಅಂತ ಹೇಳುತ್ತಾರೆ. ಅಲೀ ರೆಜಾ ಕಡಿಮೆಯವನೇನಲ್ಲ. ಇಸ್ಫಹಾನಿನ ದೊಡ್ಡ ಮೈದಾನದಲ್ಲಿ ಶೇಖ್ ಲುತ್ಫುಲ್ಲಾ ಮಸೀದಿ ಇದೆಯಲ್ಲ, ಅದರ ಬಾಗಿಲ ಮೇಲಿನ ನೀಲಿ ಹೆಂಚಿನ ಬರೆಹ ಅವನದು, 1603ರ ಸುಮಾರಿನದು. ಗೋಡೆಯಷ್ಟು ಎತ್ತರದ ಅಕ್ಷರ. ಒಂದು ಊರಿನ ಜನವೆಲ್ಲ ಕತ್ತೆತ್ತಿ ನೋಡಬೇಕು.

ಮೀರ್ ಇಮಾದನದು ಅಂಗೈಯಗಲದ ಲೋಕ. ಪರ್ಷಿಯನ್ನಿನಲ್ಲಿ ಚಲೀಪಾ ಅನ್ನುತ್ತಾರೆ: ನಾಲ್ಕು ಓರೆ ಸಾಲು, ಮೂಲೆಯಲ್ಲಿ ತ್ರಿಕೋನದಲ್ಲಿ ಸಹಿ. ಛತ್ತಾ ಬಜಾರಿನ ಗೋಡೆಯ ಮೇಲೆ ನಾನು ನೋಡಿದ್ದು ಅದೇ. ಒಂದು ಹಾಳೆ, ನಾಲ್ಕು ಸಾಲು, ಅಷ್ಟೇ. ಆದರೆ ಅದರಲ್ಲಿ ಒಂದು ಅಕ್ಷರ ಎಲ್ಲಿ ಉದ್ದಕ್ಕೆ ಎಳೆಯಬೇಕು, ಮುಂದಿನ ಸಾಲಿನ ಎಳೆತ ಅದರ ಕೆಳಗೇ ಬರಬೇಕೇ, ಪಕ್ಕಕ್ಕೆ ಸರಿಯಬೇಕೇ, ಎಷ್ಟು ಬಿಳಿ ಬಿಡಬೇಕು ಅನ್ನುವುದರಲ್ಲಿ ಅವನಿಗೆ ಸಮ ಯಾರೂ ಇಲ್ಲ ಅಂತ ಇವತ್ತಿನವರೆಗೂ ಬಲ್ಲವರು ಒಪ್ಪುತ್ತಾರೆ. ಓದಲು ಬಾರದ ನನಗೂ ಒಂದು ಮಾತು ತಿಳಿಯಿತು: ಅವನ ಗೆರೆ ದಪ್ಪದಿಂದ ಕೂದಲಿನಷ್ಟು ಸಣ್ಣಕ್ಕೆ ಹೋಗುವಾಗ ಎಲ್ಲಿಯೂ ತಡವರಿಸುವುದಿಲ್ಲ. ಇನ್ನೊಂದು ಸೋಜಿಗ: ನಮ್ಮ ಓಲೆಗರಿಯ ಲಿಪಿಕಾರರು ಕೊನೆಯಲ್ಲಿ ಬೆನ್ನು ಬಾಗಿತು, ಕುತ್ತಿಗೆ ನೊಂದಿತು, ಪುಸ್ತಕ ಜೋಪಾನ ಅಂತ ಬರೆದಿಡುತ್ತಿದ್ದರಲ್ಲ, ಇವನೂ ತನ್ನ ಹೆಸರಿನ ಹಿಂದೆ ಬಡವ, ಪಾಪಿ ಅನ್ನುವ ವಿನಯದ ಮಾತು ಹಾಕುತ್ತಿದ್ದ. ವಿನಯ ಸರಿ, ಆದರೆ ಹೆಸರು ಬಿಡುತ್ತಿರಲಿಲ್ಲ. ಪದ್ಯ ಯಾರದೇ ಇರಲಿ, ಮೂಲೆಯಲ್ಲಿ ಸಹಿ ಇಮಾದನದು.

ಸಹಿಯಲ್ಲಿ ಇದ್ದ ವಿನಯ ಮಾತಿನಲ್ಲಿ ಇರಲಿಲ್ಲ ಅಂತ ತೋರುತ್ತದೆ. ದರ್ಬಾರಿನಲ್ಲಿ ಬದುಕಬೇಕಾದರೆ ಬೇಕಾಗುವ ನಯ ಅವನ ಹತ್ತಿರ ಇಲ್ಲ. ಅಲೀ ರೆಜಾಗೆ ಸಿಕ್ಕ ಮನ್ನಣೆ ತನಗೆ ಸಿಗಲಿಲ್ಲ ಅನ್ನುವ ಉರಿ ಇತ್ತು, ಅದನ್ನು ಮುಚ್ಚಿಡಲಿಲ್ಲ. ಮನೆ ತುಂಬ ಶಿಷ್ಯರು, ಅರಮನೆಯಲ್ಲಿ ಹಗೆಗಳು. ಆಗ ನಡೆದದ್ದು ಅಂತ ಹೇಳುವ ಒಂದು ಪ್ರಸಂಗಕ್ಕಾಗಿಯೇ ನಾನು ಈ ಲೇಖನ ಬರೆಯಲು ಕೂತದ್ದು.

ಷಾ ಅಬ್ಬಾಸ್ ಮೀರನ ಮನೆಗೆ 70 ತೂಮಾನ್ ಕಳಿಸಿದ. ಫಿರ್ದೌಸಿಯ ಶಾಹನಾಮೆಯನ್ನು ಬರೆದುಕೊಡಬೇಕು ಅಂತ ಅಪ್ಪಣೆ. ಒಂದು ವರ್ಷ ಕಳೆಯಿತು. ಷಾನ ಜನ ಬಂದು ಪುಸ್ತಕ ಎಲ್ಲಿ ಅಂತ ಕೇಳಿದರು. ಮೀರ್ ಒಳಗೆ ಹೋಗಿ 70 ಸಾಲು ಬರೆದ ಹಾಳೆಗಳನ್ನು ತಂದು ಕೊಟ್ಟ. ಪ್ರಭುಗಳ ಹಣಕ್ಕೆ ಇಷ್ಟು ಬರುತ್ತದೆ ಅಂತ ತಿಳಿಸಿದ. ಷಾಗೆ ಸಿಟ್ಟು ಬಂತು. ಹಾಳೆ ವಾಪಸ್ಸು ಕಳಿಸಿ ಹಣ ತಿರುಗಿ ಕೇಳಿದ. ಹಣ ಎಲ್ಲಿದೆ? ಖರ್ಚಾಗಿದೆ. ಮೀರ್ ಕತ್ತರಿ ತಗೊಂಡು ಒಂದೊಂದು ಸಾಲನ್ನೂ ಬೇರೆ ಬೇರೆಯಾಗಿ ಕತ್ತರಿಸಿ ಶಿಷ್ಯರಿಗೆ ಹಂಚಿದ. ಪ್ರತಿಯೊಬ್ಬನೂ ಒಂದು ಸಾಲಿಗೆ ಒಂದು ತೂಮಾನ್ ಕೊಟ್ಟ. ಷಾನ ಆಳು ಬಾಗಿಲಲ್ಲಿ ಕಾಯುತ್ತಿರುವಾಗಲೇ 70 ತೂಮಾನ್ ಕೂಡಿತು.

ನಾನು ಒಂದು ಲೆಕ್ಕ ಹಾಕಿದೆ. ಶಾಹನಾಮೆಯಲ್ಲಿ ಸುಮಾರು 50,000 ದ್ವಿಪದಿಗಳಿವೆ. ವರ್ಷಕ್ಕೆ 70ರಂತೆ ಬರೆದರೆ ಮುಗಿಯಲು 714 ವರ್ಷ ಬೇಕು. ಇಷ್ಟು ಗೊತ್ತಿದ್ದೂ ಮೀರ್ ಹಣ ಇಟ್ಟುಕೊಂಡ ಅಂದರೆ ಅದರಲ್ಲಿ ಸ್ವಲ್ಪ ಕಿಡಿಗೇಡಿತನವೂ ಇದೆ. ಷಾನ ಕಡೆಯಿಂದಲೂ ನೋಡಬೇಕು: ಮೈದಾನ, ಮಸೀದಿ, ಸೇತುವೆ, ಪೇಟೆ ಎಲ್ಲ ಒಟ್ಟೊಟ್ಟಿಗೆ ಕಟ್ಟಿಸುತ್ತಿದ್ದ ದೊರೆ ಅವನು, ಕೆಲಸ ಅಂದರೆ ಇಂತಿಷ್ಟು ಗಜ, ಇಂತಿಷ್ಟು ದಿನ, ಇಂತಿಷ್ಟು ಹಣ. ಅವನು ಪುಸ್ತಕ ಕೊಂಡ. ಇವನು ಸಾಲು ಮಾರಿದ. ಇಬ್ಬರೂ ಒಂದೇ ಮಾತಿನಲ್ಲಿ ಬೇರೆ ಬೇರೆ ವ್ಯಾಪಾರ ಮಾಡಿದ್ದರು. ಶಿಷ್ಯರಿಗೆ ಮಾತ್ರ ಬೆಲೆ ಗೊತ್ತಿತ್ತು, ಜೇಬಿನಿಂದ ಹಣ ತೆಗೆದರು. ಕತೆ ಹೀಗೇ ನಡೆಯಿತೋ, ಶಿಷ್ಯರು ಆಮೇಲೆ ಸ್ವಲ್ಪ ಬಣ್ಣ ಹಚ್ಚಿದರೋ, ನಾನು ಆಣೆ ಇಡುವುದಿಲ್ಲ. ಆದರೆ ದೊರೆಗೂ ಬರೆಯುವವನಿಗೂ ನಡುವೆ ಮುರಿದದ್ದು ಏನು ಅನ್ನುವುದು ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ತಿಳಿಯುವುದಿಲ್ಲ.

ಅಲ್ಲಿಂದ ಮುಂದೆ ಮಾತು ಅಕ್ಷರದ್ದು ಉಳಿಯಲಿಲ್ಲ, ಮತದ್ದಾಯಿತು. 1603ರಲ್ಲಿ ತುರ್ಕಿಯ ಜೊತೆ ಯುದ್ಧ ಶುರುವಾಗಿತ್ತು, 1612ರಲ್ಲಿ ನಿಂತು 1615ರಲ್ಲಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಇಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ತುರ್ಕಿ ಸೀಮೆಯಲ್ಲಿ ಇದ್ದು ಬಂದವನು, ಸೈಫಿ ಮನೆತನದವನು, ದೊರೆಗೆ ಬಗ್ಗದವನು ಅಂದರೆ ಸಾಕಲ್ಲ. ಅವನು ಸುನ್ನಿ ಅನ್ನುವ ಪುಕಾರು ಹಬ್ಬಿತು. ದರ್ಬಾರಿನ ಇತಿಹಾಸಕಾರ ಇಸ್ಕಂದರ್ ಬೇಗನೇ ಈ ಪುಕಾರನ್ನು ದಾಖಲು ಮಾಡಿದ್ದಾನೆ. ಇವನ ಕಾಟದಿಂದ ನನ್ನನ್ನು ಬಿಡಿಸುವವರು ಯಾರೂ ಇಲ್ಲವೇ ಅನ್ನುವ ಅರ್ಥದಲ್ಲಿ ಷಾ ಒಂದು ದಿನ ಗೊಣಗಿದ ಅಂತ ಆಮೇಲಿನವರು ಹೇಳಿದರು. ದೊರೆಗಳ ಗೊಣಗಾಟಕ್ಕೆ ಕಿವಿಗಳು ಇದ್ದೇ ಇರುತ್ತವೆ. ಅಪ್ಪಣೆ ಕೊಟ್ಟ ಹಾಗೂ ಆಗಬಾರದು, ಕೆಲಸವೂ ಆಗಬೇಕು.

1615ರ ಒಂದು ರಾತ್ರಿ ಮೀರ್ ಇಮಾದ್ ಸ್ನಾನದ ಮನೆಗೆ ಹೊರಟಿದ್ದ. ದಾರಿಯಲ್ಲಿ ಮಕ್ಸೂದ್ ಬೇಗ್ ಅನ್ನುವ ಕಜ್ವೀನಿನವನು, ತಾಮ್ರದ ಕೆಲಸದವನು, ತನ್ನ ಜನರೊಡನೆ ಮೇಲೆ ಬಿದ್ದು ಇರಿದು ಕೊಂದ. ಸ್ವಂತ ಊರಿನವನ ಕೈಯಲ್ಲೇ ಸಾವು. ಅವನಿಗೆ ಆಗ 61ರ ವಯಸ್ಸು. ಬೆಳಗಾದ ಮೇಲೂ ಹೆಣ ಬೀದಿಯಲ್ಲಿ ಬಿದ್ದಿತ್ತು. ಯಾರು ಮುಟ್ಟಿದರೂ ಷಾಗೆ ಏನು ಅನ್ನಿಸುತ್ತದೋ ಅನ್ನುವ ಭಯ. ಕೊನೆಗೆ ಬಂದವನು ಅವನ ಶಿಷ್ಯ, ಇಸ್ಫಹಾನಿನ ಅಬೂ ತುರಾಬ್. ಅವನು ಹೆಣದ ಪಕ್ಕ ಕೂತು ಅತ್ತು, ಎತ್ತುವ ಏರ್ಪಾಟು ಮಾಡಿದ. ನನಗೆ ಈ ಇಡೀ ಕತೆಯಲ್ಲಿ ದೊಡ್ಡವನಾಗಿ ಕಾಣುವುದು ಇವನೇ. ಒಬ್ಬ ಮುಟ್ಟಿದ ಮೇಲೆ ಉಳಿದವರಿಗೂ ಧೈರ್ಯ ಬಂತು. ಆಮೇಲೆ ಷಾ ದುಃಖ ಸೂಚಿಸಿ ದರ್ಬಾರಿನ ದೊಡ್ಡವರನ್ನು ಅಂತ್ಯಕ್ರಿಯೆಗೆ ಕಳಿಸಿದ. ಮಣ್ಣು ಮಾಡಿದ್ದು ಮಕ್ಸೂದ್ ಬೇಗ್ ಮಸೀದಿಯಲ್ಲಿ. ಮಸೀದಿ ಕಟ್ಟಿಸಿದವನು ಅರಮನೆಯ ಒಬ್ಬ ಅಧಿಕಾರಿ, ಕೊಂದವನಲ್ಲ. ಹೆಸರು ಮಾತ್ರ ಒಂದೇ.

ಮುಂದಿನ ವರ್ಷ, 1616ರಲ್ಲಿ, ಅದೇ ಮೈದಾನದ ದಕ್ಷಿಣಕ್ಕೆ ಷಾನ ದೊಡ್ಡ ಮಸೀದಿಯ ಹೆಬ್ಬಾಗಿಲಿಗೆ ಬರೆಹ ಮುಗಿಯಿತು. ಬರೆದವನು ಅಲೀ ರೆಜಾ ಅಬ್ಬಾಸಿ.

ಸುದ್ದಿ ಹಿಂದೂಸ್ತಾನಕ್ಕೆ ಮುಟ್ಟಿದಾಗ ಜಹಾಂಗೀರ್ ಕಣ್ಣೀರಿಟ್ಟ, ಆ ಮನುಷ್ಯನನ್ನು ಜೀವಂತ ನನಗೆ ಕೊಟ್ಟಿದ್ದರೆ ತೂಕಕ್ಕೆ ಮುತ್ತು ಕೊಡುತ್ತಿದ್ದೆ ಅಂತ ಹಲುಬಿದ ಅಂತ ಕತೆ. ಸತ್ತ ಮೇಲೆ ಬೆಲೆ ಏರುವುದು ಯಾವ ಕಾಲಕ್ಕೂ ಇದ್ದದ್ದೇ. ಇಮಾದನ ಕಡೆಯವರಿಗೆ ಇರಾನಿನಲ್ಲಿ ಬದುಕು ಕಷ್ಟವಾಯಿತು. ಮಗಳು ಗೌಹರ್ ಶಾದ್ ಕೂಡ ಒಳ್ಳೆಯ ಬರೆವಣಿಗೆಗಾರ್ತಿ. ಅಕ್ಕತಂಗಿಯರ ಮಗನೂ ಶಿಷ್ಯನೂ ಆದ ಅಬ್ದುಲ್ ರಶೀದ್ ದೈಲಮಿ ತಪ್ಪಿಸಿಕೊಂಡು ಹಿಂದೂಸ್ತಾನಕ್ಕೆ ಬಂದ. ಷಾಜಹಾನನ ದರ್ಬಾರಿನಲ್ಲಿ ಆಗಾ ರಶೀದ್ ಅಂತ ಹೆಸರಾಯಿತು, ರಾಜಕುಮಾರ ದಾರಾ ಶಿಕೋಹನಿಗೆ ಅಕ್ಷರ ತಿದ್ದಿಸಿದ, ಆಗ್ರಾದಲ್ಲೇ ಮಣ್ಣಾದ. ಇಂದು ದಿಲ್ಲಿ, ಲಖನೌ, ಹೈದರಾಬಾದುಗಳಲ್ಲಿ ನಸ್ತಲೀಕ್ ಬರೆಯುವವರು ತಮ್ಮ ಗುರುಪರಂಪರೆಯಲ್ಲಿ ಆಗಾ ರಶೀದನನ್ನು ನೆನೆಯುತ್ತಾರೆ. ಇನ್ನೊಬ್ಬ ಶಿಷ್ಯ ದರ್ವೇಶ್ ಅಬ್ದಿ ಇಸ್ತಾಂಬುಲ್ಲಿಗೆ ಹೋದ. ಯಾವ ತುರ್ಕಿಯ ಸೋಂಕು ಇದೆ ಅಂತ ಗುರುವನ್ನು ಕೊಂದರೋ, ಆ ತುರ್ಕಿಯಲ್ಲಿ ಗುರುವಿನ ಅಕ್ಷರ ಬೇರು ಬಿಟ್ಟಿತು. ನೂರೈವತ್ತು ವರ್ಷದ ಮೇಲೆ ಅಲ್ಲಿ ಯೆಸಾರಿ ಅನ್ನುವವನು ಬಂದ, ಬಲಮೈ ಸ್ವಾಧೀನವಿಲ್ಲದೆ ಎಡಗೈಯಲ್ಲಿ ಬರೆದವನು. ಜನ ಅವನಿಗೆ ಕೊಟ್ಟ ಬಿರುದು ತುರ್ಕಿಯ ಇಮಾದ್ ಅಂತ.

ಇಲ್ಲಿ ನಮ್ಮ ನಾಡಿನ ಒಂದು ಮಾತು ಸೇರಿಸಲೇಬೇಕು. ಇಸ್ಫಹಾನಿನ ಬೀದಿಯಲ್ಲಿ ಮೀರ್ ಬಿದ್ದ ಮೂರು ವರ್ಷಕ್ಕೆ, 1618ರ ಸುಮಾರಿನಲ್ಲಿ, ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಷಾಹ ಆಳುತ್ತಿದ್ದ. ಇರಾನಿನಿಂದ ಬಂದ ಖಲೀಲುಲ್ಲಾ ಅನ್ನುವ ಬರೆವಣಿಗೆಗಾರ, ಸುಲ್ತಾನನೇ ರಚಿಸಿದ ಕಿತಾಬೆ ನೌರಸ್ ಎಂಬ ಹಾಡುಗಳ ಪುಸ್ತಕವನ್ನು ಚೆಂದವಾಗಿ ಬರೆದು ಒಪ್ಪಿಸಿದ. ಸುಲ್ತಾನ ಅವನಿಗೆ ಲೇಖನಿಯ ಬಾದಶಹ ಅನ್ನುವ ಬಿರುದು ಕೊಟ್ಟು ತನ್ನ ಸಿಂಹಾಸನದ ಮೇಲೇ ಕೂರಿಸಿದ ಅಂತ ಆ ಕಾಲದವರು ಬರೆದಿದ್ದಾರೆ. ಗೋಲಗುಮ್ಮಟ ನೋಡಲು ಹೋಗುವ ನಮಗೆ ಇದನ್ನು ಯಾವ ಗೈಡೂ ಹೇಳುವುದಿಲ್ಲ. ಸುಲ್ತಾನ ಒಳ್ಳೆಯವನು ಅಂತ ಹೊಗಳುವುದು ಸುಲಭ. ಆದರೆ ಖಲೀಲುಲ್ಲಾ ಬರೆದದ್ದು ಸುಲ್ತಾನನ ಹಾಡನ್ನೇ, ಪುಸ್ತಕವನ್ನು ಪೂರ್ತಿ ಮಾಡಿಯೇ ಕೊಟ್ಟ ಅನ್ನುವುದನ್ನೂ ಮರೆಯಬಾರದು. ಮೀರ್ ಇಮಾದ್ ಬಿಜಾಪುರಕ್ಕೆ ಬಂದಿದ್ದರೆ ಎಷ್ಟು ಸಾಲು ಕೊಡುತ್ತಿದ್ದನೋ!

ಅವನ ಹಾಳೆಗಳು ಹರಡಿಹೋದವು. ಅವನ್ನು ಆರಿಸಿ ಕೂಡಿಸುವುದೇ ಶ್ರೀಮಂತರಿಗೆ ಒಂದು ಹುಚ್ಚಾಯಿತು. 18ನೆಯ ಶತಮಾನದ ಇರಾನಿನಲ್ಲಿ ಕಟ್ಟಿಸಿದ ಒಂದು ಸಂಪುಟ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಅದರಲ್ಲಿ ಹಾಳೆಯ ಒಂದು ಬದಿಗೆ ಮೊಗಲರ ಮತ್ತು ಇರಾನಿನ ಚಿತ್ರಗಳು, ಇನ್ನೊಂದು ಬದಿಗೆ ಮೀರನ ಅಕ್ಷರ, ಸುತ್ತ ಬಂಗಾರದ ಹೂಬಳ್ಳಿ. ಚಿತ್ರಗಳನ್ನು ನೋಡುವವರೇ ಹೆಚ್ಚು ಅಂತ ಕೇಳಿದ್ದೇನೆ.

ಗೆಳೆಯನ ಅಕ್ಕನ ಮದುವೆ ಆಯಿತು. ಮಿಕ್ಕ ಒಂದು ಕಾರ್ಡನ್ನು ನಾನು ಇಟ್ಟುಕೊಂಡಿದ್ದೇನೆ. ಚಾಚಾ ಒಂದು ಸಾಲಿಗೆ ಎಷ್ಟು ಕೇಳಿದರು, ನಾವು ಎಷ್ಟು ಚೌಕಾಶಿ ಮಾಡಿ ಎಷ್ಟಕ್ಕೆ ಇಳಿಸಿದೆವು ಅನ್ನುವುದನ್ನು ಇಲ್ಲಿ ಬರೆಯಲು ನಾಚಿಕೆ. ಈ ಲೇಖನದ ಸ್ಟೆನ್ಸಿಲ್ಲೂ ನಾನೇ ಕೊರೆಯುತ್ತಿದ್ದೇನೆ. ಎರಡನೆಯ ಪುಟದಲ್ಲಿ ಮೂರು ಕಡೆ ‘ಠ’ದ ಹೊಟ್ಟೆ ಉದುರಿದೆ. ಸಂಪಾದಕರು ಹಾಗೇ ಹೋಗಲಿ ಅಂದರು. ನಾನು ಆ ಹಾಳೆ ತೆಗೆದು ಹೊಸದು ಹಚ್ಚಿದ್ದೇನೆ. ಪತ್ರಿಕೆ ಎರಡು ದಿನ ತಡವಾಗಿ ನಿಮ್ಮ ಕೈ ಸೇರಿದ್ದರೆ ಕಾರಣ ಅದು.